ಮೂಲ ಕೋಡ್ ಮತ್ತು ಸಮುದಾಯದ ಕೊಡುಗೆ: ಒಂದೇ ರೆಪೊಸಿಟರಿಯಲ್ಲಿ ಇಡಬೇಕೆ, ಬೇರೆ ಮಾಡಬೇಕೆ?

ಪ್ರಶ್ನೆ

ಹಳೆಯ ಫಾಂಟ್‌ಗಳಲ್ಲಿ ಟೈಪಾಗಿರುವ ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಒಂದು ಓಪನ್ ಸೋರ್ಸ್ ತಂತ್ರಾಂಶವನ್ನು ನಾವು ನಾಲ್ಕೈದು ಜನ ಬಿಡುವಿನ ವೇಳೆಯಲ್ಲಿ ನಡೆಸಿಕೊಂಡು ಬರುತ್ತಿದ್ದೇವೆ. ನುಡಿ, ಬರಹ, ಶ್ರೀಲಿಪಿಗಳ ಕಾಲದ ಡಿಟಿಪಿ ಕಡತಗಳನ್ನು ಇಂದಿಗೂ ಇಟ್ಟುಕೊಂಡಿರುವ ಪ್ರಕಾಶಕರು, ಸಣ್ಣ ಪತ್ರಿಕೆಯವರು ಮತ್ತು ಲೇಖಕರು ಇದನ್ನು ಹೆಚ್ಚಾಗಿ ಬಳಸುತ್ತಾರೆ. ಒಳಗೆ ಎರಡು ಭಾಗಗಳಿವೆ: ಎಂಜಿನ್ ಒಂದು, ಪ್ರತಿ ಫಾಂಟ್ ಕುಟುಂಬಕ್ಕೂ ಒಂದರಂತೆ ಇರುವ ಮ್ಯಾಪಿಂಗ್ ಕಡತಗಳು ಇನ್ನೊಂದು. ಯಾವ ಸಂಕೇತ ಯಾವ ಅಕ್ಷರದ ತುಣುಕು ಎಂಬುದನ್ನು ಮ್ಯಾಪಿಂಗ್ ಕಡತ ಹೇಳುತ್ತದೆ. ಆ ತುಣುಕುಗಳನ್ನು ಯೂನಿಕೋಡ್ ಒಪ್ಪುವ ಕ್ರಮಕ್ಕೆ ತರುವುದು ಎಂಜಿನ್ನಿನ ಕೆಲಸ. ಉದಾಹರಣೆಗೆ, ನುಡಿಯ ಹಳೆಯ ಫಾಂಟ್‌ನಲ್ಲಿ 'ಶ್ರೀ' ಎಂಬುದು 'ಶಿ', ರಕಾರದ ಒತ್ತು, ದೀರ್ಘ ಎಂಬ ಮೂರು ತುಣುಕುಗಳಾಗಿ ಕೂತಿರುತ್ತದೆ. 'ಕರ್ಮ'ದಲ್ಲಿ ಅರ್ಕಾವತ್ತು 'ಮ'ದ ನಂತರ ಬಂದಿರುತ್ತದೆ. ಯೂನಿಕೋಡ್‌ನಲ್ಲಾದರೆ ರಕಾರ ಮತ್ತು ಹಲಂತ ಚಿಹ್ನೆ 'ಮ'ಕ್ಕಿಂತ ಮೊದಲೇ ಬರಬೇಕು.

ಎಂಜಿನ್ನನ್ನು ಬರೆದವರು ನಾವು. ಮ್ಯಾಪಿಂಗ್ ಕಡತಗಳಲ್ಲಿ ಮೂರು ನಾಲ್ಕನ್ನು ಬಿಟ್ಟರೆ ಉಳಿದವೆಲ್ಲ ಹೊರಗಿನವರು ಕೊಟ್ಟವು. ತಮ್ಮ ಬಳಿ ಇದ್ದ ಫಾಂಟ್‌ಗೆ ಕಡತ ಬರೆದುಕೊಟ್ಟವರು ತಮ್ಮ ಪುಸ್ತಕಗಳ ಪರಿವರ್ತನೆ ಮುಗಿದ ಮೇಲೆ ಇತ್ತ ಬರುವುದು ಅಪರೂಪ. ಬರಲೇಬೇಕೆಂದು ನಾವು ಹೇಳುವುದೂ ನ್ಯಾಯವಲ್ಲ. ಆದರೆ ಅವರ ಕಡತದಲ್ಲಿ ದೋಷವಿದೆಯೆಂದು ದೂರು ಬಂದಾಗ ಉತ್ತರಿಸಬೇಕಾದವರು ನಾವೇ ಆಗುತ್ತೇವೆ, ಎಷ್ಟೋ ಸಲ ಆ ಫಾಂಟ್ ನಮ್ಮಲ್ಲಿ ಯಾರ ಬಳಿಯೂ ಇರುವುದಿಲ್ಲ. ಇನ್ನು ಕೆಲವು ಕೊಡುಗೆಗಳು ಮ್ಯಾಪಿಂಗ್ ಕಡತಕ್ಕೆ ನಿಲ್ಲದೆ ಎಂಜಿನ್ನಿನ ಒಳಗೇ 'ಈ ಫಾಂಟ್ ಆಗಿದ್ದರೆ ಹೀಗೆ ಮಾಡು' ಎಂಬ ಷರತ್ತುಗಳನ್ನು ಸೇರಿಸಿವೆ. ಇತ್ತೀಚೆಗೆ ಒತ್ತಕ್ಷರಗಳ ಕ್ರಮವನ್ನು ಸರಿಪಡಿಸುವ ಭಾಗವನ್ನು ತಿದ್ದಿ ಬಿಡುಗಡೆ ಮಾಡಿದಾಗ ಅಂಥ ಒಂದೆರಡು ಫಾಂಟ್‌ಗಳ ಪರಿವರ್ತನೆ ಕೆಟ್ಟುಹೋಯಿತು, ಮತ್ತು ಬಳಕೆದಾರರು ಹೇಳುವವರೆಗೆ ಅದು ಯಾರ ಗಮನಕ್ಕೂ ಬರಲಿಲ್ಲ.

ಈಗ ನಮ್ಮೊಳಗೆ ಮೂರು ಅಭಿಪ್ರಾಯಗಳಿವೆ. ಸಮುದಾಯದ ಕಡತಗಳನ್ನೆಲ್ಲ ಇದೇ ರೆಪೊಸಿಟರಿಯಲ್ಲಿ (ಕೋಡ್ ಇಡುವ ಭಂಡಾರದಲ್ಲಿ) ಬೇರೊಂದು ಫೋಲ್ಡರ್‌ಗೆ ಹಾಕಿದರೆ ಸಾಕೆಂದು ಒಬ್ಬರು ಹೇಳುತ್ತಾರೆ. ಅವುಗಳಿಗೆ ಪ್ರತ್ಯೇಕ ರೆಪೊಸಿಟರಿಯನ್ನೇ ಮಾಡಿ ಎಂಜಿನ್ನನ್ನು ಹಗುರಗೊಳಿಸಬೇಕೆಂಬುದು ಇನ್ನೊಬ್ಬರ ವಾದ. ಪ್ರತಿಯೊಂದು ಫಾಂಟ್‌ಗೂ ಒಂದೊಂದು ಪ್ಯಾಕೇಜ್ ಮಾಡಿ, ಬರೆದವರ ಹೆಸರಿನಲ್ಲೇ ಬಿಟ್ಟುಬಿಡೋಣ ಎನ್ನುವವರೂ ಇದ್ದಾರೆ. ದೊಡ್ಡ ಯೋಜನೆಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿವೆ, ಅದರಲ್ಲಿ ನಮ್ಮಷ್ಟು ಚಿಕ್ಕವರಿಗೆ ಒಪ್ಪುವುದು ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ರೆಪೊಸಿಟರಿಯನ್ನು ಒಡೆಯುವ ಆಲೋಚನೆ ಇದ್ದರೆ ಮೊದಲು, ಅನೇಕ ಸರ್ವರ್‌ಗಳನ್ನು ಒಟ್ಟಿಗೆ ಸಂಭಾಳಿಸುವ ತಂತ್ರಾಂಶವಾದ ಆನ್ಸಿಬಲ್‌ನ ಇತಿಹಾಸವನ್ನು ನೋಡಿ, ಏಕೆಂದರೆ ಆ ಯೋಜನೆ ಒಮ್ಮೆ ಒಡೆದು, ಮತ್ತೆ ಕೂಡಿಸಿ, ಆಮೇಲೆ ಇನ್ನೊಂದು ರೀತಿಯಲ್ಲಿ ಒಡೆದಿದೆ. ಒಂದೇ ಯೋಜನೆಯಲ್ಲಿ ಮೂರೂ ಸ್ಥಿತಿಗಳನ್ನು ಹೋಲಿಸಿ ನೋಡುವ ಅವಕಾಶ ಬೇರೆ ಕಡೆ ಅಷ್ಟು ಸುಲಭವಾಗಿ ಸಿಗದು.

2012ರಲ್ಲಿ ಮೈಕೆಲ್ ಡಿಹಾನ್ ಆರಂಭಿಸಿದ ಈ ತಂತ್ರಾಂಶದಲ್ಲಿ ಎಂಜಿನ್ ಚಿಕ್ಕದು. ಸರ್ವರ್‌ಗಳ ಮೇಲೆ ನಿಜವಾದ ಕೆಲಸ ಮಾಡುವುದು ಮಾಡ್ಯೂಲ್‌ಗಳು. ಮಾಡ್ಯೂಲ್‌ಗಳ ಸಂಖ್ಯೆ ಏರಿದಂತೆ, 2014ರ 1.8 ಆವೃತ್ತಿಯ ಹೊತ್ತಿಗೆ, ಅವನ್ನು ಎಂಜಿನ್ನಿನಿಂದ ಬೇರ್ಪಡಿಸಿ 'ಕೋರ್' ಮತ್ತು 'ಎಕ್ಸ್‌ಟ್ರಾಸ್' ಎಂಬ ಎರಡು ರೆಪೊಸಿಟರಿಗಳಿಗೆ ಹಾಕಿದರು, ಮತ್ತು ಮುಖ್ಯ ರೆಪೊಸಿಟರಿ ಅವನ್ನು ಗಿಟ್ ಸಬ್‌ಮಾಡ್ಯೂಲ್‌ಗಳಾಗಿ (ಒಂದು ರೆಪೊಸಿಟರಿಯೊಳಗೆ ಇನ್ನೊಂದರ ಕೊಂಡಿಯಾಗಿ) ಒಳಗೆ ಎಳೆದುಕೊಳ್ಳುವಂತೆ ಮಾಡಿದರು. ನಿಮ್ಮ ಎರಡನೆಯ ಗೆಳೆಯರು ಹೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ನಡೆಸುವಾಗ ಮಾತ್ರ, ಎಂಜಿನ್ನನ್ನೂ ಮಾಡ್ಯೂಲನ್ನೂ ಒಟ್ಟಿಗೆ ಮುಟ್ಟುವ ಒಂದೇ ತಿದ್ದುಪಡಿಗೆ ಎರಡು ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿರೆಂಬ ಮನವಿ) ತೆರೆದು ಒಂದನ್ನು ಇನ್ನೊಂದಕ್ಕೆ ಕಾಯಿಸಬೇಕಾಗುತ್ತದೆ. ಬಳಕೆದಾರನಿಗೆ ದೋಷ ಯಾವ ಭಾಗದಲ್ಲಿದೆಯೆಂದು ಗೊತ್ತಿರುವುದಿಲ್ಲವಾದ್ದರಿಂದ ದೂರುಗಳು ತಪ್ಪು ಜಾಗಕ್ಕೆ ಹೋಗುತ್ತವೆ. ಸಬ್‌ಮಾಡ್ಯೂಲ್ ಅಪ್‌ಡೇಟ್ ಮಾಡಲು ಮರೆತವನ ಕಂಪ್ಯೂಟರಿನಲ್ಲಿ ಹಳೆಯ ಮಾಡ್ಯೂಲೇ ಓಡುತ್ತಿರುತ್ತದೆ. 2016ರ ಕೊನೆಯಲ್ಲಿ ಎಲ್ಲವನ್ನೂ ಮತ್ತೆ ಒಂದೇ ರೆಪೊಸಿಟರಿಗೆ ತಂದರು.

ಕೂಡಿಸಿದ ಮೇಲೆ ಮಾಡಿದ ವ್ಯವಸ್ಥೆ, ನನ್ನ ಮಟ್ಟಿಗೆ, ಈ ಇಡೀ ಕಥೆಯಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗ. ಪ್ರತಿ ಮಾಡ್ಯೂಲಿನ ಒಳಗೇ, ಅದಕ್ಕೆ ಬೆಂಬಲ ಕೊಡುವವರು ಮೂಲ ತಂಡದವರೋ ಸಮುದಾಯದವರೋ ಎಂಬುದನ್ನು ಹೇಳುವ ಒಂದು ಮೆಟಾಡೇಟಾ ಸಾಲು ಇರುತ್ತಿತ್ತು. ಯಾವ ಕಡತಕ್ಕೆ ಯಾರು ಮೆಂಟೇನರ್ (ನೋಡಿಕೊಳ್ಳುವವರು) ಎಂಬುದನ್ನು ಇನ್ನೊಂದು ಕಡತದಲ್ಲಿ ಬರೆದಿಟ್ಟಿದ್ದರು. ಹೊಸ ಪುಲ್ ರಿಕ್ವೆಸ್ಟ್ ಬಂದರೆ ಒಂದು ಬಾಟ್ ಆ ಕಡತವನ್ನು ಓದಿ ಸಂಬಂಧಪಟ್ಟವರನ್ನು ಕರೆಯುತ್ತಿತ್ತು, ಮತ್ತು ಸಮುದಾಯದ ಮಾಡ್ಯೂಲುಗಳಲ್ಲಿ ಮೆಂಟೇನರ್‌ಗಳು 'ಶಿಪ್‌ಇಟ್' ಎಂದು ಬರೆದರೆ, ಷರತ್ತುಗಳೆಲ್ಲ ಪೂರೈಸಿದ್ದಲ್ಲಿ, ಮೂಲ ತಂಡದವರು ಕೈ ಹಾಕದೆಯೇ ತಾನಾಗಿ ಸೇರಿಸುತ್ತಿತ್ತು. ಕೋಡ್ ಒಂದೇ ಕಡೆ ಇತ್ತು, ಹೊಣೆ ಮಾತ್ರ ಹಂಚಿಹೋಗಿತ್ತು.

ಆದರೂ ಮಾಡ್ಯೂಲುಗಳು ಸಾವಿರಗಳ ಲೆಕ್ಕಕ್ಕೆ ಹೋದಾಗ ಅದೂ ಸಾಲದಾಯಿತು. ಎಂಜಿನ್ನಿನ ಬಿಡುಗಡೆಯಾಗುವವರೆಗೆ ಒಂದು ಮಾಡ್ಯೂಲಿನ ಸಣ್ಣ ತಿದ್ದುಪಡಿಯೂ ಬಳಕೆದಾರನನ್ನು ಮುಟ್ಟುತ್ತಿರಲಿಲ್ಲ. 2020ರ 2.10 ಆವೃತ್ತಿಯಲ್ಲಿ ಮಾಡ್ಯೂಲುಗಳನ್ನು 'ಕಲೆಕ್ಷನ್'ಗಳಾಗಿ ಹೊರಗೆ ಕಳಿಸಿದರು. ಈ ಬಾರಿಯ ಒಡೆಯುವಿಕೆ ನಿಂತಿತು, ಏಕೆಂದರೆ 2014ರಲ್ಲಿ ಇಲ್ಲದ ಹಲವು ಸಂಗತಿಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದರು. ಕಲೆಕ್ಷನ್‌ಗಳನ್ನು ಲೋಡ್ ಮಾಡುವ ಸೌಲಭ್ಯ ಹಿಂದಿನ ಆವೃತ್ತಿಗಳಲ್ಲೇ ಬಂದಿತ್ತು. ಪ್ರತಿ ಕಲೆಕ್ಷನ್‌ಗೂ ಸ್ವಂತ ಆವೃತ್ತಿ ಸಂಖ್ಯೆಯಿತ್ತು, ತನ್ನದೇ ಬಿಡುಗಡೆಯಿತ್ತು. ಮಾಡ್ಯೂಲಿನ ಪೂರ್ಣ ಹೆಸರಿನಲ್ಲಿ ಅದು ಯಾವ ಕಲೆಕ್ಷನ್ನಿನದೆಂಬುದು ಸೇರಿರುತ್ತಿತ್ತು. ಹಳೆಯ ಗಿಡ್ಡ ಹೆಸರನ್ನು ಬರೆದರೆ ಹೊಸ ಜಾಗಕ್ಕೆ ಕರೆದೊಯ್ಯುವ ಕೋಷ್ಟಕವೂ ಇತ್ತು.

ನಿಮ್ಮ ಯೋಜನೆ ಈಗ 2014ರ ಆನ್ಸಿಬಲ್‌ನ ಸ್ಥಿತಿಯಲ್ಲಿದೆ. ಎಂಜಿನ್ನಿನೊಳಗೆ ಫಾಂಟ್‌ನ ಹೆಸರು ಹಿಡಿದು ನಡೆಯುವ ಷರತ್ತುಗಳು ಇರುವಷ್ಟು ಕಾಲ ರೆಪೊಸಿಟರಿಯನ್ನು ಒಡೆಯಬೇಡಿ. ಒಡೆದರೆ ಷರತ್ತು ಒಂದು ಕಡೆ, ಅದು ನಂಬಿರುವ ಮ್ಯಾಪಿಂಗ್ ಇನ್ನೊಂದು ಕಡೆ ಉಳಿಯುತ್ತದೆ, ಮತ್ತು ಎರಡರ ಆವೃತ್ತಿಗಳನ್ನು ಹೊಂದಿಸುವುದರಲ್ಲೇ ನಿಮ್ಮ ಬಿಡುವಿನ ವೇಳೆಯೆಲ್ಲ ಕರಗುತ್ತದೆ. ಹೊಣೆಯನ್ನು ಮೊದಲು ಹಂಚಿ, ಎಂಜಿನ್ ಮತ್ತು ಮ್ಯಾಪಿಂಗ್‌ಗಳ ನಡುವಿನ ಕರಾರನ್ನು ಆಮೇಲೆ ಗಟ್ಟಿ ಮಾಡಿ, ರೆಪೊಸಿಟರಿಯ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ.

ಉತ್ತರ 2

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಒಂದು ವಿಷಯವನ್ನು ಮಾತ್ರ ಸೇರಿಸಬೇಕು. ಪ್ರತ್ಯೇಕ ಫೋಲ್ಡರ್ ಎಂದರೆ ಅದು ಎರಡನೆಯ ದರ್ಜೆಯ ಕೋಡ್ ಇಡುವ ಮೂಲೆ ಎಂದು ತಿಳಿಯುವುದು ಸಾಮಾನ್ಯ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ತಂತ್ರಾಂಶದ 'ಕಾಂಟ್ರಿಬ್' (ಕೊಡುಗೆ) ಫೋಲ್ಡರನ್ನು ನೋಡಿದವರು ಹಾಗೆ ಹೇಳುವುದಿಲ್ಲ.

ಆ ಫೋಲ್ಡರ್ ಇರುವುದು ಡೇಟಾಬೇಸಿನ ಮೂಲ ಕೋಡಿನ ಜೊತೆಯಲ್ಲೇ. ಅದರೊಳಗಿನ ಪ್ರತಿಯೊಂದು ಮಾಡ್ಯೂಲೂ ಅದೇ ಕಮಿಟರ್‌ಗಳ (ಕೋಡ್ ಸೇರಿಸುವ ಅಧಿಕಾರವುಳ್ಳವರ) ಕೈಯಿಂದಲೇ ಹಾದುಬರುತ್ತದೆ, ಅದೇ ಪರೀಕ್ಷೆಗಳಲ್ಲಿ ಓಡುತ್ತದೆ, ಅದೇ ದಿನ ಬಿಡುಗಡೆಯಾಗುತ್ತದೆ. ಹೆಸರು ಕೊಡುಗೆಯದಾದರೂ ಹೊಣೆ ಪೂರ್ತಿಯಾಗಿ ಮೂಲ ತಂಡದ್ದು. ಹಾಗಾದರೆ ಅದನ್ನು ಬೇರೆ ಇಟ್ಟಿರುವುದೇಕೆ? ಬಳಕೆದಾರ ಕೇಳಿದರೆ ಮಾತ್ರ ಅದು ಅವನ ಡೇಟಾಬೇಸಿಗೆ ಬರುತ್ತದೆ ಎಂಬುದು ಒಂದು ಕಾರಣ. ಹೊರಗಿನವರು ಬಳಸುವ ವಿಸ್ತರಣೆಯ ದಾರಿಯನ್ನು ತಾವೇ ಮೊದಲು ತುಳಿದು ನೋಡಲು ಮೂಲ ತಂಡಕ್ಕೆ ಅದೊಂದು ಜಾಗ ಎಂಬುದು ಇನ್ನೊಂದು ಕಾರಣ, ಮತ್ತು ಅದೇ ಹೆಚ್ಚು ಮುಖ್ಯವಾದುದು. 2009ರಲ್ಲಿ ಬಂದ 8.4 ಆವೃತ್ತಿಯ 'ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್' ಎಂಬ ಮಾಡ್ಯೂಲ್ ಡೇಟಾಬೇಸಿಗೆ ಬರುವ ಎಲ್ಲ ಕ್ವೆರಿಗಳ (ಪ್ರಶ್ನೆಗಳ) ಲೆಕ್ಕ ಇಡುತ್ತದೆ. ಆದರೆ ಅದಕ್ಕಾಗಿ ಎಂಜಿನ್ನಿನೊಳಗೆ ಅದರ ಹೆಸರಿನ ಷರತ್ತು ಎಲ್ಲಿಯೂ ಇಲ್ಲ. ಎಂಜಿನ್ ಕೆಲವು ಜಾಗಗಳಲ್ಲಿ ಕೊಕ್ಕೆಗಳನ್ನು ಬಿಟ್ಟಿದೆ, ಮಾಡ್ಯೂಲ್ ಬಂದು ಅದಕ್ಕೆ ನೇತುಹಾಕಿಕೊಳ್ಳುತ್ತದೆ, ಅಷ್ಟೆ. ನಿಮ್ಮ ಎಂಜಿನ್ನಿನಲ್ಲಿರುವ ಫಾಂಟ್ ಷರತ್ತುಗಳಿಗೆ ಮದ್ದು ಇದೇ. ಒತ್ತುಗಳ ಕ್ರಮ ಸರಿಪಡಿಸುವ ಮೊದಲು ಒಂದು, ಸರಿಪಡಿಸಿದ ನಂತರ ಒಂದು ಕೊಕ್ಕೆ ಇಡಿ. ಯಾವ ಫಾಂಟ್‌ಗೆ ವಿಶೇಷ ಉಪಚಾರ ಬೇಕೋ ಅದು ತನ್ನ ಕಡತದಲ್ಲೇ ಅದನ್ನು ಬರೆದುಕೊಳ್ಳಲಿ.

ಇದರ ಇನ್ನೊಂದು ಮುಖವೂ ಇದೆ. ಕಾಂಟ್ರಿಬ್‌ನಲ್ಲಿ ಬೆಳೆದದ್ದು ಎಲ್ಲರಿಗೂ ಬೇಕೆಂದು ತಿಳಿದುಬಂದಾಗ ಮೂಲಕ್ಕೆ ಸೇರಿದ ಉದಾಹರಣೆಗಳಿವೆ. ಬಳಕೆಯಿಲ್ಲದ ದತ್ತಾಂಶವನ್ನು ತಾನಾಗಿ ತೆರವುಗೊಳಿಸುವ ಆಟೋವ್ಯಾಕ್ಯೂಮ್ ಮೊದಲು ಅಲ್ಲಿದ್ದು 2005ರ 8.1ರಲ್ಲಿ ಒಳಗೆ ಬಂತು. ಪಠ್ಯ ಹುಡುಕಾಟದ 'ಟಿಸರ್ಚ್2' 2008ರ 8.3ರಲ್ಲಿ ಬಂತು. ಆದರೆ ಟಿಸರ್ಚ್2 ಒಳಗೆ ಬಂದ ಕೂಡಲೇ ಹಳೆಯ ಮಾಡ್ಯೂಲನ್ನು ಕಿತ್ತುಹಾಕಲಿಲ್ಲ. ಹಳೆಯ ಹೆಸರುಗಳನ್ನು ನಂಬಿದ್ದವರಿಗಾಗಿ ಹೊಂದಾಣಿಕೆಯ ಪದರವಾಗಿ ಅದು ಮುಂದುವರಿಯಿತು, ಮತ್ತು 2017ರ 10ನೇ ಆವೃತ್ತಿಯಲ್ಲಷ್ಟೇ ತೆಗೆದರು. ಯೋಜನೆಯೊಂದು ಇಷ್ಟು ತಾಳ್ಮೆ ತೋರಿದ್ದು ನನಗೆ ಇವತ್ತಿಗೂ ಅಚ್ಚರಿಯೇ.

ಇದಕ್ಕೆ ವಿರುದ್ಧವಾಗಿ ನಡೆದದ್ದನ್ನು ಯಂತ್ರ ಕಲಿಕೆಯ ತಂತ್ರಾಂಶವಾದ ಟೆನ್ಸರ್‌ಫ್ಲೋನಲ್ಲಿ ನೋಡಬಹುದು. ಅಲ್ಲಿಯೂ ಕಾಂಟ್ರಿಬ್ ಇತ್ತು. ಇಂದು ಇದ್ದದ್ದು ನಾಳೆ ಬದಲಾಗಬಹುದು ಎಂಬ ಎಚ್ಚರಿಕೆಯೂ ದಾಖಲೆಯಲ್ಲಿತ್ತು. ಆದರೆ ಅದು ಮುಖ್ಯ ಪ್ಯಾಕೇಜಿನ ಒಳಗೇ, ಮುಖ್ಯ ಹೆಸರಿನ ಕೆಳಗೇ ಸಿಗುತ್ತಿದ್ದುದರಿಂದ ಜನ ಅದನ್ನು ಗಟ್ಟಿಯಾದ ಭಾಗವೆಂದೇ ತಿಳಿದು ಬಳಸಿದರು. 2019ರಲ್ಲಿ 2.0 ಬಂದಾಗ ಕಾಂಟ್ರಿಬ್ ಇಡೀ ಮಾಯವಾಯಿತು. ಒಂದಿಷ್ಟು ಮೂಲಕ್ಕೆ ಸೇರಿತು, ಒಂದಿಷ್ಟು ಹೊರಗಿನ ಪ್ಯಾಕೇಜುಗಳಿಗೆ ಹೋಯಿತು, ಉಳಿದದ್ದಕ್ಕೆ ವಾರಸುದಾರರಿರಲಿಲ್ಲ. ಅದಕ್ಕಾಗಿ ಹೇಳುತ್ತೇನೆ, ನಿಮ್ಮ ಬಳಕೆದಾರನು ಮೆನುವಿನಲ್ಲಿ ಫಾಂಟ್ ಆರಿಸುವಾಗಲೇ ಇದು ತಂಡ ಪರೀಕ್ಷಿಸಿದ್ದು, ಇದು ಸಮುದಾಯ ಕೊಟ್ಟದ್ದು ಎಂಬುದು ಅವನ ಕಣ್ಣಿಗೆ ಬೀಳಬೇಕು. ಫೋಲ್ಡರಿನ ಹೆಸರನ್ನು ಪ್ರಕಾಶಕರ ಕಚೇರಿಯಲ್ಲಿ ಕೂತವರು ನೋಡುವುದಿಲ್ಲ.

ಉತ್ತರ 3

ಕೆಲಸಕ್ಕೆ ನೇರವಾಗಿ ಬೇಕಾಗುವ ಕೆಲವು ಮಾತುಗಳನ್ನು ಹೇಳುತ್ತೇನೆ. ಕಂಪನಿಯ ಕೆಲಸದಲ್ಲಿ ನಾನು, ತಂತ್ರಾಂಶಗಳ ನಡವಳಿಕೆಯ ಮಾಹಿತಿ ಸಂಗ್ರಹಿಸುವ ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಬಳಸುತ್ತೇನೆ. ಅದರಲ್ಲಿ ಕೋರ್ ಒಂದು ರೆಪೊಸಿಟರಿ, ಕಾಂಟ್ರಿಬ್ ಇನ್ನೊಂದು, ಮತ್ತು ಎರಡನೆಯದರಲ್ಲಿ ನೂರಕ್ಕೂ ಹೆಚ್ಚು ಘಟಕಗಳಿವೆ. ಅವರು ಅದನ್ನು ನಿಭಾಯಿಸುತ್ತಿರುವುದು ಎರಡು ನಿಯಮಗಳಿಂದ ಎಂಬುದು ನನ್ನ ಗ್ರಹಿಕೆ.

ಮೊದಲನೆಯದಾಗಿ, ಹೊಸ ಘಟಕ ತರುವವರು ಈಗಾಗಲೇ ಯೋಜನೆಯಲ್ಲಿ ಜವಾಬ್ದಾರಿಯ ಸ್ಥಾನದಲ್ಲಿರುವ ಒಬ್ಬರನ್ನು ಪ್ರಾಯೋಜಕರಾಗಿ ಒಪ್ಪಿಸಬೇಕು. ಕೋಡ್ ಚೆನ್ನಾಗಿದೆಯೇ ಎಂಬ ಪ್ರಶ್ನೆಗೂ ಮೊದಲು, ಬರೆದವರು ಬಿಟ್ಟುಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ. ಎರಡನೆಯದಾಗಿ, ಪ್ರತಿ ಘಟಕದ ಫೋಲ್ಡರಿನಲ್ಲೂ ಒಂದು ಮೆಟಾಡೇಟಾ ಕಡತವಿದ್ದು, ಅದರಲ್ಲಿ ಘಟಕದ ಹೊಣೆಗಾರರ ಹೆಸರು ಮತ್ತು ಅದರ ಸ್ಥಿತಿ ದಾಖಲಾಗಿರುತ್ತದೆ: ಆಲ್ಫಾ, ಬೀಟಾ, ಸ್ಟೇಬಲ್, ಅಥವಾ ನೋಡಿಕೊಳ್ಳುವವರಿಲ್ಲದ 'ಅನ್‌ಮೆಂಟೇನ್ಡ್'. ದಾಖಲೆಯ ಪುಟದಲ್ಲಿ ಕಾಣುವ ಪಟ್ಟಿಯೂ ಅದೇ ಕಡತದಿಂದ ತಯಾರಾಗುವುದರಿಂದ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವ ಸಂಭವ ಕಡಿಮೆ. ನಿಮ್ಮ ಮ್ಯಾಪಿಂಗ್ ಕಡತದ ತಲೆಯಲ್ಲೇ ಫಾಂಟ್‌ನ ಹೆಸರು, ಆವೃತ್ತಿ, ಹೊಣೆಗಾರ, ಸ್ಥಿತಿ ಎಂಬ ನಾಲ್ಕು ಸಾಲುಗಳನ್ನು ಕಡ್ಡಾಯ ಮಾಡಿ, ಮೆನುವಿನಲ್ಲಿ ಕಾಣುವ ಗುರುತನ್ನು ಅಲ್ಲಿಂದಲೇ ತೆಗೆದುಕೊಂಡರೆ ಎರಡನೆಯ ಉತ್ತರದಲ್ಲಿ ಹೇಳಿದ ಅಗತ್ಯವೂ ಪೂರೈಸುತ್ತದೆ.

ಯಾವ ಕಡತದ ತಿದ್ದುಪಡಿಯನ್ನು ಯಾರು ಪರಿಶೀಲಿಸಬೇಕೆಂದು ಹೇಳುವ ಗಿಟ್‌ಹಬ್‌ನ ಕೋಡ್‌ಓನರ್ಸ್ ಕಡತವನ್ನು ಬಳಸುವುದಾದರೆ ಅದರ ಎರಡು ಗುಣಗಳನ್ನು ತಿಳಿದಿರಬೇಕು. ಒಂದೇ ಕಡತಕ್ಕೆ ಹಲವು ಸಾಲುಗಳು ಹೊಂದಿದರೆ ಕೊನೆಯ ಸಾಲೇ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಎಲ್ಲಕ್ಕೂ ಅನ್ವಯಿಸುವ ಸಾಮಾನ್ಯ ಸಾಲು ಮೇಲಿರಬೇಕು, ಫಾಂಟ್‌ವಾರು ಸಾಲುಗಳು ಕೆಳಗಿರಬೇಕು. ತಿರುಗುಮುರುಗಾಗಿ ಬರೆದರೆ ಪ್ರತಿ ಪುಲ್ ರಿಕ್ವೆಸ್ಟೂ ಮೂಲ ತಂಡದ ಬಾಗಿಲಿಗೇ ಬಂದು ನಿಲ್ಲುತ್ತದೆ. ಇನ್ನೊಂದು, ಅಲ್ಲಿ ಹೆಸರಿಸುವವರಿಗೆ ರೆಪೊಸಿಟರಿಯಲ್ಲಿ ಬರೆಯುವ ಅನುಮತಿ ಇರಬೇಕು. ಅಪರಿಚಿತ ಕೊಡುಗೆದಾರರಿಗೆಲ್ಲ ಆ ಅನುಮತಿ ಕೊಡಲಾಗದು. ಮುಖ್ಯ ಶಾಖೆಗೆ ನೇರವಾಗಿ ಯಾರೂ ಬರೆಯದಂತೆ ರಕ್ಷಣೆ ಹಾಕಿ, ಸ್ವಲ್ಪ ಕಾಲ ಒಡನಾಡಿದವರಿಗಷ್ಟೇ ಅನುಮತಿ ಕೊಡುವುದು ಮಧ್ಯದ ದಾರಿ. ಉಳಿದವರ ಹೆಸರು ಮ್ಯಾಪಿಂಗ್ ಕಡತದ ತಲೆಯಲ್ಲಿ ಇದ್ದರೆ ಸಾಕು.

ಪರೀಕ್ಷೆಯ ವಿಷಯದಲ್ಲಿ ದೂರ ಹೋಗಬೇಕಾಗಿಲ್ಲ. ವಿಕಿಪೀಡಿಯದಲ್ಲಿ ಕನ್ನಡ ಟೈಪಿಸಲು ನೆರವಾಗುವ ಜೆಕ್ವೆರಿ ಐಎಂಇ ಎಂಬ ಲೈಬ್ರರಿಯನ್ನು ತೆರೆದು ನೋಡಿ. ಎಂಜಿನ್ ಒಂದು ಕಡೆ. ನಿಯಮಗಳೆಲ್ಲ ಭಾಷೆಗೊಂದು ಫೋಲ್ಡರಿನಂತೆ ಇನ್ನೊಂದು ಕಡೆ. ಕನ್ನಡದ ಫೋಲ್ಡರಿನಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಮತ್ತು ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸಗಳ ಕಡತಗಳಿವೆ. ಈ ಕೀಲಿಗಳನ್ನು ಒತ್ತಿದರೆ ಈ ಅಕ್ಷರಗಳು ಬರಬೇಕು ಎಂಬ ಜೋಡಿಗಳನ್ನು ಪರೀಕ್ಷೆಯಾಗಿ ಬರೆದಿಟ್ಟಿದ್ದಾರೆ. ನೀವೂ ಹಾಗೆಯೇ, ಮ್ಯಾಪಿಂಗ್ ಕೊಡುವವರಿಂದ ಅದರ ಜೊತೆಗೆ ಒಂದಿಷ್ಟು ಜೋಡಿಗಳನ್ನು ಕೇಳಿ ಪಡೆಯಿರಿ: ಹಳೆಯ ಪಠ್ಯ ಇದು, ಸಿಗಬೇಕಾದ ಯೂನಿಕೋಡ್ ಇದು. 'ಶ್ರೀ', 'ಕರ್ಮ', 'ಸ್ತ್ರೀ', 'ಅರ್ಘ್ಯ', 'ಕೈಂಕರ್ಯ' ಇಂಥ ಪದಗಳು ಆ ಪಟ್ಟಿಯಲ್ಲಿ ಇರಲೇಬೇಕು, ಏಕೆಂದರೆ ಒತ್ತಿನ ಮೇಲೆ ಒತ್ತು, ಒತ್ತಿನ ನಂತರ ದೀರ್ಘ, ಅರ್ಕಾವತ್ತಿನ ಜೊತೆಗೆ ಒತ್ತು ಇವೆಲ್ಲ ಎಡವುವ ಜಾಗಗಳು. ಎಂಜಿನ್ನನ್ನು ಯಾರು ಮುಟ್ಟಿದರೂ ಎಲ್ಲ ಫಾಂಟ್‌ಗಳ ಎಲ್ಲ ಜೋಡಿಗಳೂ ಓಡಬೇಕು. ಆಗ ಬರೆದವರು ದೇಶಾಂತರ ಹೋಗಿದ್ದರೂ, ಫಾಂಟ್ ನಿಮ್ಮ ಬಳಿ ಇಲ್ಲದಿದ್ದರೂ, ಏನು ಕೆಟ್ಟಿತೆಂಬುದು ಬಿಡುಗಡೆಗೆ ಮೊದಲೇ ತಿಳಿಯುತ್ತದೆ. ಎಲ್ಲವೂ ಒಂದೇ ರೆಪೊಸಿಟರಿಯಲ್ಲಿ ಇರಲಿ ಎನ್ನಲು ನನಗೆ ಇರುವ ದೊಡ್ಡ ಕಾರಣವೂ ಇದೇ. ಫಾಂಟ್‌ಗೊಂದು ಪ್ಯಾಕೇಜ್ ಎಂಬ ಮೂರನೆಯ ಸಲಹೆಯಲ್ಲಿ ಈ ಪರೀಕ್ಷೆ ಒಂದೇ ಏಟಿಗೆ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಧನ್ಯವಾದಗಳು. ಒಂದೇ ರೆಪೊಸಿಟರಿ, ಎಂಜಿನ್ನಿನಲ್ಲಿ ಕೊಕ್ಕೆಗಳು, ಮ್ಯಾಪಿಂಗ್ ಕಡತದ ತಲೆಯಲ್ಲಿ ಹೊಣೆ ಮತ್ತು ಸ್ಥಿತಿ, ಜೊತೆಗೆ ಪರೀಕ್ಷೆಯ ಜೋಡಿಗಳು ಎಂಬಲ್ಲಿಗೆ ನಮ್ಮ ತಂಡದ ಚರ್ಚೆ ಬಂದು ನಿಂತಿದೆ. ಪ್ರತ್ಯೇಕ ರೆಪೊಸಿಟರಿ ಬೇಕೆಂದವರೂ ಷರತ್ತುಗಳನ್ನು ಎಂಜಿನ್ನಿನಿಂದ ತೆಗೆಯುವವರೆಗೆ ಕಾಯಲು ಒಪ್ಪಿದ್ದಾರೆ.

ಆದರೆ ಎರಡು ಸಂಗತಿಗಳು ಉಳಿದಿವೆ. ಹೊಣೆಗಾರರಿಲ್ಲದ ಹಳೆಯ ಕಡತಗಳನ್ನು ಏನು ಮಾಡಬೇಕು? ಕಿತ್ತುಹಾಕಿದರೆ ಯಾರೋ ಒಬ್ಬ ಲೇಖಕರ ಇಪ್ಪತ್ತು ವರ್ಷ ಹಳೆಯ ಪುಸ್ತಕ ಓದಲಾಗದ ಕಡತವಾಗಿ ಉಳಿದುಬಿಡಬಹುದು. ಎರಡನೆಯದು ಪರವಾನಗಿಯ ಪ್ರಶ್ನೆ. ಹಲವು ಕೊಡುಗೆಗಳು ಇಮೇಲ್ ಮೂಲಕ ಬಂದಿದ್ದು, ಅವನ್ನು ಯಾವ ಷರತ್ತಿನ ಮೇಲೆ ಕೊಟ್ಟರೆಂಬುದಕ್ಕೆ ಬರಹದ ದಾಖಲೆಯಿಲ್ಲ.

ಉತ್ತರ 4

ಮೊದಲ ಪ್ರಶ್ನೆಗೆ ಕೀಮನ್‌ನ ಕೀಲಿಮಣೆ ರೆಪೊಸಿಟರಿಯ ಕ್ರಮ ನಿಮಗೆ ಒಪ್ಪಬಹುದು. ಜಗತ್ತಿನ ನಾನಾ ಭಾಷೆಗಳ ಕೀಲಿಮಣೆ ವಿನ್ಯಾಸಗಳನ್ನು ಬಳಕೆದಾರರೇ ಬರೆದು ಕಳಿಸುವ ಯೋಜನೆ ಅದು. ಅಲ್ಲಿ 'ರಿಲೀಸ್', 'ಎಕ್ಸ್‌ಪೆರಿಮೆಂಟಲ್', 'ಲೆಗಸಿ' ಎಂಬ ಫೋಲ್ಡರುಗಳಿವೆ. ಹಳೆಯದೆಂಬ ಕಾರಣಕ್ಕೆ ಕೀಲಿಮಣೆಯನ್ನು ಅಳಿಸುವುದಿಲ್ಲ, ಪಕ್ಕಕ್ಕೆ ಸರಿಸಿ ಹಾಗೆಂದು ಗುರುತು ಹಾಕುತ್ತಾರೆ. ಕೀಲಿಮಣೆಯಾಗಲಿ ಮ್ಯಾಪಿಂಗ್ ಆಗಲಿ, ಹೆಚ್ಚಿನ ಪಾಲು ಬರೀ ದತ್ತಾಂಶ. ಅದು ತಾನಾಗಿ ಹಳಸುವುದಿಲ್ಲ, ಎಂಜಿನ್ ಬದಲಾದಾಗ ಮಾತ್ರ ಕೆಡುತ್ತದೆ.

ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಸ್ಟೇಜಿಂಗ್ ಫೋಲ್ಡರಿನ ನಿಯಮ ಇದಕ್ಕಿಂತ ಕಟು. 2008ರಿಂದ ಅಲ್ಲಿ ಅರೆಬೆಂದ ಡ್ರೈವರುಗಳನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಪ್ರತಿಯೊಂದರ ಜೊತೆಗೂ ಇನ್ನೇನು ಮಾಡಬೇಕೆಂಬ ಪಟ್ಟಿ ಇರಬೇಕು, ಮತ್ತು ಯಾರೂ ಕೆಲಸ ಮಾಡದಿದ್ದರೆ ತೆಗೆದುಹಾಕುತ್ತಾರೆ. ಆಂಡ್ರಾಯ್ಡ್‌ನ ಡ್ರೈವರುಗಳಿಗೂ ಅಲ್ಲಿ ರಿಯಾಯಿತಿ ಸಿಗಲಿಲ್ಲ. 2010ರ 2.6.33ರಲ್ಲಿ ಅವನ್ನು ತೆಗೆದರು. ಜನ ಮುಂದೆ ಬಂದು ಕೆಲಸ ಶುರು ಮಾಡಿದ ಮೇಲೆ 2012ರ 3.3ರಲ್ಲಿ ಮತ್ತೆ ಸೇರಿಸಿಕೊಂಡರು. ಕರ್ನಲ್‌ನ ಒಳಗಿನ ಇಂಟರ್‌ಫೇಸ್ ಸದಾ ಬದಲಾಗುತ್ತಿರುವುದರಿಂದ ಅಲ್ಲಿ ಅನಾಥ ಕೋಡ್ ಇಟ್ಟುಕೊಂಡರೆ ಪ್ರತಿ ಬದಲಾವಣೆಗೂ ಯಾರಾದರೂ ಅದನ್ನು ತಿದ್ದಬೇಕು, ಹಾಗಾಗಿ ಆ ಕಟುತನಕ್ಕೆ ಅರ್ಥವಿದೆ. ನಿಮ್ಮ ಕರಾರು ಗಟ್ಟಿಯಾಗಿದ್ದರೆ ಇಟ್ಟುಕೊಳ್ಳುವ ಖರ್ಚು ಹೆಚ್ಚೇನೂ ಇಲ್ಲ. ಪರೀಕ್ಷೆಯ ಜೋಡಿಗಳಿದ್ದು ಅವು ಪಾಸಾಗುತ್ತಿರುವ ಕಡತ ಹೊಣೆಗಾರರಿಲ್ಲದಿದ್ದರೂ ಉಳಿಯಲಿ. ಜೋಡಿಗಳೇ ಇಲ್ಲದ್ದು ಹಳೆಯದರ ಫೋಲ್ಡರಿಗೆ ಹೋಗಲಿ, ಮೆನುವಿನಲ್ಲಿ ತಾನಾಗಿ ಕಾಣದೆ, ಬಳಕೆದಾರ ಹುಡುಕಿ ಆರಿಸಿದರೆ ಮಾತ್ರ ಸಿಗಲಿ.

ಪರವಾನಗಿಯ ವಿಷಯದಲ್ಲಿ ಇನ್ನು ಮುಂದಕ್ಕಾದರೂ ಕರ್ನಲ್‌ನವರು 2004ರಲ್ಲಿ ತಂದ 'ಸೈನ್ಡ್ ಆಫ್ ಬೈ' ಪದ್ಧತಿಯನ್ನು ಅನುಸರಿಸಿ. ಇದನ್ನು ನಾನೇ ಬರೆದೆ ಅಥವಾ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆಯಾಗಿ ಕೊಡುಗೆದಾರರು ಕಮಿಟ್ ಸಂದೇಶದ (ಬದಲಾವಣೆಯೊಂದಿಗೆ ಬರೆಯುವ ಟಿಪ್ಪಣಿಯ) ಕೊನೆಗೆ ಒಂದು ಸಾಲು ಸೇರಿಸುತ್ತಾರೆ. ಹಕ್ಕುಗಳನ್ನು ಬರೆದುಕೊಡುವ ಒಪ್ಪಂದಪತ್ರ ನಿಮ್ಮಂಥ ಯೋಜನೆಗೆ ಹೆಚ್ಚಾಯಿತು. ಅದನ್ನು ಕಂಡರೆ ಬರುವವರೂ ಹಿಂಜರಿಯುತ್ತಾರೆ. ಇಮೇಲಿನಲ್ಲಿ ಬಂದ ಹಳೆಯ ಕೊಡುಗೆಗಳ ವಿಷಯದಲ್ಲಿ, ಕಳಿಸಿದವರಿಗೆ ಒಂದು ಸಾಲಿನ ಒಪ್ಪಿಗೆ ಕೇಳಿ ಬರೆಯಿರಿ; ಉತ್ತರ ಸಿಗದಿದ್ದರೆ ಫಾಂಟ್ ನೋಡಿ ಹೊಸದಾಗಿ ಬರೆಯುವುದೇ ನಿಶ್ಚಿಂತೆಯ ದಾರಿ. ಬೇರೊಂದು ಪರಿವರ್ತಕದ ಕೋಡಿನಿಂದ ಪಟ್ಟಿಯನ್ನು ಹಾಗೆಯೇ ಎತ್ತಿಕೊಂಡಿಲ್ಲ ಎಂಬುದನ್ನೂ ಪುಲ್ ರಿಕ್ವೆಸ್ಟಿನ ನಮೂನೆಯಲ್ಲೇ ಕೇಳಿ.

ಇನ್ನೊಂದು ಎಚ್ಚರಿಕೆ ಪರೀಕ್ಷೆಯ ಜೋಡಿಗಳ ಬಗ್ಗೆ. ಅವು ಪಠ್ಯ ಕಡತಗಳಾಗಿಯೇ ಇರಲಿ. ವರ್ಡ್ ಅಥವಾ ಪೇಜ್‌ಮೇಕರ್ ಕಡತಗಳನ್ನು ಮಾದರಿಯೆಂದು ಸ್ವೀಕರಿಸಬೇಡಿ. 2024ರಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದಲ್ಲಿ ಸಿಕ್ಕ ಹಿಂಬಾಗಿಲು ಅಡಗಿದ್ದುದು ಪರೀಕ್ಷೆಗೆಂದು ಇಟ್ಟಿದ್ದ ಬೈನರಿ ಕಡತಗಳಲ್ಲಿ, ಮತ್ತು ಅದನ್ನು ಸೇರಿಸಿದ್ದು ಬಹುಕಾಲ ಕೆಲಸ ಮಾಡಿ ತಂಡದ ನಂಬಿಕೆ ಗಳಿಸಿದ್ದ ಒಂದು ಖಾತೆ. ಕಣ್ಣಿನಿಂದ ಓದಲಾಗದ ಕಡತವನ್ನು ಯಾರು ಕೊಟ್ಟರೂ ವಿಮರ್ಶೆ ಮಾಡುವುದು ಕಷ್ಟ.

ಉತ್ತರ 1 ಬರೆದವರಿಂದ

ಕಡತಗಳನ್ನು ಹೊಸ ಫೋಲ್ಡರುಗಳಿಗೆ ಸರಿಸುವಾಗ ಒಂದನ್ನು ಮರೆಯಬೇಡಿ. ಪ್ರಕಾಶಕರಲ್ಲಿ ಕೆಲವರು ನಿಮ್ಮ ತಂತ್ರಾಂಶವನ್ನು ಸ್ಕ್ರಿಪ್ಟ್‌ಗಳಿಂದ ಕರೆಯುತ್ತಿರಬಹುದು, ಮತ್ತು ಅವರ ಸ್ಕ್ರಿಪ್ಟ್‌ನಲ್ಲಿ ಮ್ಯಾಪಿಂಗ್ ಕಡತದ ದಾರಿಯೇ ಬರೆದಿರಬಹುದು. ದಾರಿಯ ಬದಲು ಫಾಂಟ್‌ನ ಹೆಸರಿನಿಂದ ಕರೆಯುವ ವ್ಯವಸ್ಥೆಯನ್ನು ಈಗಿನ ರಚನೆಯಲ್ಲೇ ಒಂದು ಬಿಡುಗಡೆಯಲ್ಲಿ ಕೊಡಿ, ಹಳೆಯ ದಾರಿಯಿಂದ ಕರೆದವರಿಗೆ ಎಚ್ಚರಿಕೆಯ ಸಂದೇಶ ತೋರಿಸಿ, ಅದರ ಮುಂದಿನ ಬಿಡುಗಡೆಯಲ್ಲಿ ಕಡತಗಳನ್ನು ಸರಿಸಿ. ಎಂದಾದರೊಂದು ದಿನ ನೀವು ಪ್ರತ್ಯೇಕ ರೆಪೊಸಿಟರಿಗೇ ಹೋಗುವುದಾದರೂ ಆ ಹೆಸರುಗಳು ಹಾಗೆಯೇ ಕೆಲಸ ಮಾಡುತ್ತವೆ.